ಹುಟ್ಟುಹಬ್ಬದ ತಟ್ಟೆಯ ರಾಜಕಾರಣ

ಹೊರನಾಡ ಕನ್ನಡಿಗರ ಪತ್ರಿಕೆಗಳಲ್ಲಿ ಗಡಿಯ ಬಗ್ಗೆ, ನದಿನೀರಿನ ಬಗ್ಗೆ, ಕನ್ನಡಕ್ಕೆ ದೊರೆತ ಶಾಸ್ತ್ರೀಯ ಸ್ಥಾನಮಾನದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆಗಬೇಕಾದ್ದೇ. ಆದರೆ ನಮ್ಮ ಮನೆಯ ಹಜಾರದಲ್ಲಿ ವರ್ಷಕ್ಕೊಮ್ಮೆ ಇಪ್ಪತ್ತು ಮಕ್ಕಳನ್ನು ಕೂರಿಸಿ ನಾವು ಅವರ ಕೈಗೆ ಏನು ಕೊಡುತ್ತೇವೆ ಎಂಬ ಪ್ರಶ್ನೆ ಈ ಪುಟಗಳಲ್ಲಿ ಎಂದೂ ಎದ್ದದ್ದಿಲ್ಲ. ಅದು ಹೆಂಗಸರ ವಿಷಯ, ಅಡುಗೆಮನೆಯ ವಿಷಯ, ಹೆಚ್ಚೆಂದರೆ ಹೊಸರುಚಿಯ ಅಂಕಣಕ್ಕೆ ತಕ್ಕ ವಿಷಯ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಈ ತೀರ್ಮಾನವೇ ತಪ್ಪು ಎನ್ನುವುದು ನನ್ನ ವಾದ. ಮಕ್ಕಳ ಪಾರ್ಟಿಯ ತಟ್ಟೆಯಲ್ಲಿ ನಮ್ಮ ವರ್ಗ, ನಮ್ಮ ಜಾತಿ, ಮನೆಯ ಗಂಡು-ಹೆಣ್ಣುಗಳ ಕೆಲಸದ ಹಂಚಿಕೆ, ಕೊನೆಗೆ ನಮ್ಮ ಭಾಷೆಯ ಭವಿಷ್ಯ ಎಲ್ಲವೂ ಇವೆ. ನೋಡುವ ಮನಸ್ಸಿರಬೇಕು, ಅಷ್ಟೆ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆಯಿಂದ ವರ್ಗಾವಣೆಗೆ ಊರು ಬದಲಿಸುತ್ತ ಬಂದ ನಾನು ಹೈದರಾಬಾದಿನಲ್ಲಿ, ಪುಣೆಯಲ್ಲಿ, ಈಗ ದೆಹಲಿಯಲ್ಲಿ ಕನ್ನಡಿಗರ ಮನೆಗಳ ಹುಟ್ಟುಹಬ್ಬಗಳಿಗೆ ಹೋಗಿದ್ದೇನೆ. ಊರು ಬೇರೆ, ತಟ್ಟೆ ಒಂದೇ. ಕ್ರೀಮು ಮೆತ್ತಿದ ಕೇಕಿನ ತುಂಡು, ಆಲೂಗೆಡ್ಡೆ ಚಿಪ್ಸು, ಪಿಜ್ಜಾ ಅಥವಾ ನೂಡಲ್ಸು, ಕಾಗದದ ಲೋಟದಲ್ಲಿ ಬಣ್ಣದ ಪಾನೀಯ. ಇದೇಕೆ ಎಂದು ಕೇಳಿದರೆ ಉತ್ತರವೂ ಎಲ್ಲ ಊರಿನಲ್ಲೂ ಒಂದೇ: ‘ಸುಲಭ’. ರುಚಿ ಎಂದು ಯಾರೂ ಹೇಳುವುದಿಲ್ಲ, ಪುಷ್ಟಿ ಎಂದಂತೂ ಹೇಳುವ ಧೈರ್ಯ ಯಾರಿಗೂ ಇಲ್ಲ. ಆದ್ದರಿಂದ ನಾವು ಪರೀಕ್ಷಿಸಬೇಕಾದದ್ದು ಈ ‘ಸುಲಭ’ ಎಂಬ ಪದವನ್ನು. ಯಾರಿಗೆ ಸುಲಭ? ಯಾವುದಕ್ಕೆ ಹೋಲಿಸಿದರೆ ಸುಲಭ?

ಈ ಪದ ನಮ್ಮ ಮನೆಗೆ ತಾನಾಗಿ ಬಂದದ್ದಲ್ಲ. 1983ರಲ್ಲಿ ಎರಡು ನಿಮಿಷದ ನೂಡಲ್ಸು ಭಾರತದ ಮಾರುಕಟ್ಟೆಗೆ ಬಂದಾಗ ಅದು ಮಾರಿದ್ದು ರುಚಿಗಿಂತ ಮುಖ್ಯವಾಗಿ ಸಮಯವನ್ನು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಕೋಳಿಯ ಅಂಗಡಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ವಿರೋಧಿಸಿತು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ನಡೆಯಿತು. ಅದೇ 1996ರಲ್ಲಿ ದೆಹಲಿಗೆ ಡಾಮಿನೋಸ್ ಮತ್ತು ಮೆಕ್‌ಡೊನಾಲ್ಡ್ಸ್, ಬೆಂಗಳೂರಿಗೆ ಪಿಜ್ಜಾ ಹಟ್ ಬಂದವು. ಗಾಜು ಒಡೆಯುವ ಮಾರ್ಗವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಗ ರೈತರು ಎತ್ತಿದ ಪ್ರಶ್ನೆ, ಅಂದರೆ ಊಟವನ್ನು ಯಾರು ನಿರ್ಧರಿಸಬೇಕು, ಉಣ್ಣುವವನೋ ಮಾರುವವನೋ ಎಂಬ ಪ್ರಶ್ನೆ, ಇಂದಿಗೂ ಉತ್ತರವಿಲ್ಲದೆ ನಿಂತಿದೆ. ಬೀದಿಯಲ್ಲಿ ಪ್ರತಿಭಟನೆ ನಡೆಯುತ್ತಿದ್ದಾಗ ಸರಕು ಬಂದದ್ದು ಮನೆಯ ಬಾಗಿಲಿನಿಂದ, ಅದೂ ಮಗುವಿನ ಕೈ ಹಿಡಿದು. ಹುಟ್ಟುಹಬ್ಬದ ಪಾರ್ಟಿಯನ್ನೇ ಒಂದು ಸರಕಾಗಿ ಕಟ್ಟಿ ಮಾರಬಹುದೆಂದು ಈ ಅಂಗಡಿಗಳು ಕಂಡುಕೊಂಡವು. ಮಗುವನ್ನು ಗೆದ್ದರೆ ಮನೆಯನ್ನು ಗೆದ್ದಂತೆ ಎಂಬುದು ಅವಕ್ಕೆ ನಮಗಿಂತ ಚೆನ್ನಾಗಿ ತಿಳಿದಿತ್ತು.

ಈಗ ಸುಲಭದ ಲೆಕ್ಕಕ್ಕೆ ಬರೋಣ. ನಾನು ಕಡತದ ಮನುಷ್ಯ, ಲೆಕ್ಕವಿಲ್ಲದೆ ಟಿಪ್ಪಣಿ ಬರೆಯಲಾರೆ. ಇಪ್ಪತ್ತು ಮಕ್ಕಳು ಎಂದಿಟ್ಟುಕೊಳ್ಳಿ. ಅರ್ಧ ಕಿಲೋ ಮಂಡಕ್ಕಿ, ನೂರೈವತ್ತು ಗ್ರಾಂ ಹುರಿಗಡಲೆಯ ಹಿಟ್ಟು, ನಾಲ್ಕು ಈರುಳ್ಳಿ, ನಾಲ್ಕು ಟೊಮೇಟೊ, ಎರಡು ತುರಿದ ಗಜ್ಜರಿ, ಎರಡು ನಿಂಬೆಹಣ್ಣು, ಸಾಸಿವೆ-ಕರಿಬೇವು-ಅರಿಸಿನದ ಒಂದು ಒಗ್ಗರಣೆ. ಒಲೆಯ ಕೆಲಸ ಐದು ನಿಮಿಷ, ಹೆಚ್ಚುವ ಕೆಲಸ ಇಪ್ಪತ್ತು ನಿಮಿಷ. ಮಕ್ಕಳು ಬಂದು ಕುಳಿತ ಮೇಲೆಯೇ ಕಲಸಬೇಕು, ಮೊದಲೇ ಕಲಸಿದರೆ ಮಂಡಕ್ಕಿ ಮೆತ್ತಗಾಗುತ್ತದೆ. ಕಾಲು ಕಿಲೋ ಹೆಸರುಬೇಳೆಯನ್ನು ಒಂದು ಗಂಟೆ ನೆನೆಹಾಕಿ, ಸೌತೆಕಾಯಿ, ತೆಂಗಿನ ತುರಿ ಬೆರೆಸಿದರೆ ಕೋಸಂಬರಿ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ನೀರು ಬಿಡುವುದಿಲ್ಲ. ಹದಿನೈದು ಬಾಳೆಹಣ್ಣು, ಒಂದು ತೆಂಗಿನಕಾಯಿಯ ಹಾಲು, ಅಚ್ಚಿನಿಂದ ಒಡೆದ ಒಂದಿಷ್ಟು ಬೆಲ್ಲ, ಏಲಕ್ಕಿ ಸೇರಿದರೆ ರಸಾಯನ. ಉತ್ತರ ಕರ್ನಾಟಕದ ಮನೆಯಾದರೆ ಅದೇ ಹಣ್ಣು ಹಾಲಿನೊಡನೆ ಶೀಕರಣೆ. ಹಿಂದಿನ ದಿನ ಬಿಡುವಿದ್ದರೆ ಹುರಿಗಡಲೆ ಹಿಟ್ಟು, ಬೆಲ್ಲ, ಕೊಬ್ಬರಿ, ತುಪ್ಪದಿಂದ ಹಿಡಿದಿಟ್ಟ ತಂಬಿಟ್ಟು. ತಿನ್ನುವ ಮಕ್ಕಳಿಗೆ ಬೇಯಿಸಿದ ಮೊಟ್ಟೆ. ಅದಕ್ಕಿಂತ ಸುಲಭವಾದ ಅಡುಗೆಯನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಒಂದು ಎಚ್ಚರಿಕೆ ಮಾತ್ರ: ತೀರ ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಹಾಕುವುದು ಲೇಸು. ಕಡಲೆಬೀಜ ಒಗ್ಗದ ಮಕ್ಕಳಿದ್ದಾರೆಯೇ ಎಂದು ಅವರ ತಾಯಿತಂದೆಯರನ್ನು ಮೊದಲೇ ಕೇಳಿಕೊಳ್ಳಬೇಕು.

ಇಷ್ಟೂ ಸೇರಿ ಒಬ್ಬ ಗಂಡಸು, ಒಬ್ಬ ಹೆಂಗಸು, ಕೈಗೆ ಬಂದ ಇಬ್ಬರು ಮಕ್ಕಳು ಒಂದೂವರೆ ಗಂಟೆಯಲ್ಲಿ ಮುಗಿಸಬಹುದಾದ ಕೆಲಸ. ಹೊರಗಿನಿಂದ ತರಿಸುವುದರಲ್ಲಿ ಆಯ್ಕೆಯ ಚರ್ಚೆ, ಕಾಯುವಿಕೆ, ತಣ್ಣಗಾದದ್ದನ್ನು ಮತ್ತೆ ಬಿಸಿ ಮಾಡುವುದು, ಕೊನೆಗೆ ರಟ್ಟಿನ ಪೆಟ್ಟಿಗೆಗಳ ರಾಶಿಯನ್ನು ಸಾಗಿಸುವುದು, ಎಲ್ಲವನ್ನೂ ಕೂಡಿಸಿ ನೋಡಿ. ಸುಲಭದ ವಾದ ಇಲ್ಲಿಗೇ ಬೀಳುತ್ತದೆ.

ಆರೋಗ್ಯದ ಮಾತನ್ನು ನಾನು ದೀರ್ಘವಾಗಿ ಆಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ, ಯಾರೂ ಪಾಲಿಸದ ಮಾತು. ಆದರೂ ಕೆಲವು ಸಂಗತಿಗಳು ದಾಖಲೆಯಲ್ಲಿರಲಿ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆ ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳು ಮಧುಮೇಹದ ಹೊಸ್ತಿಲಲ್ಲಿದ್ದಾರೆ ಎಂದಿತು. ಒಂದೇ ದೇಶದಲ್ಲಿ ಒಂದೇ ಕಾಲಕ್ಕೆ ಒಂದು ಮಗುವಿಗೆ ಅನ್ನವಿಲ್ಲ, ಇನ್ನೊಂದು ಮಗುವಿಗೆ ಸಕ್ಕರೆಯ ಕಾಟ. 2020ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೊರಡಿಸಿದ ನಿಯಮಗಳಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ ಅದರ ಸುತ್ತ 50 ಮೀಟರಿನೊಳಗಾಗಲಿ ಮಾರುವಂತಿಲ್ಲ. 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಶಾಲೆಗಳಲ್ಲಿ ಸಕ್ಕರೆಯ ಫಲಕಗಳನ್ನು ಹಾಕುವಂತೆ ಸೂಚಿಸಿತು, ಅದೇ ವರ್ಷ ಆರೋಗ್ಯ ಸಚಿವಾಲಯ ಸರ್ಕಾರಿ ಕಚೇರಿಗಳಿಗೂ ಅಂಥದೇ ಸಲಹೆ ನೀಡಿತು. ಶಾಲೆಯ ಗೇಟಿನಿಂದ ಐವತ್ತು ಮೀಟರು ದೂರ ಇರಬೇಕೆಂದು ನಿಯಮ ಹೇಳುವ ವಸ್ತುವನ್ನು ನಾವು ಮನೆಯ ನಡುಮನೆಗೆ ಕರೆದು, ಆರತಿ ಎತ್ತಿ, ಮಗುವಿನ ಬಾಯಿಗಿಡುತ್ತೇವೆ. ಇದಕ್ಕೆ ಏನೆನ್ನಬೇಕು?

ಇಲ್ಲಿ ಒಂದು ಪ್ರಾಮಾಣಿಕ ಮಾತು ಅಗತ್ಯ. ಬೆಲ್ಲವೂ ಸಕ್ಕರೆಯೇ. ‘ನಮ್ಮದು’ ಎಂಬ ಕಾರಣಕ್ಕೆ ಅದು ಅಮೃತವಾಗುವುದಿಲ್ಲ. ಮುನ್ನೂರು ಮಿಲಿಲೀಟರಿನ ಕೋಲಾದಲ್ಲಿ ಮೂವತ್ತು ಗ್ರಾಂ ಮೀರಿ ಸಕ್ಕರೆ ಇರುತ್ತದೆಂದು ದೂರುವ ನಾವು ಪಾನಕಕ್ಕೆ ಮುಷ್ಟಿಗಟ್ಟಲೆ ಬೆಲ್ಲ ಸುರಿದರೆ ದೂರುವ ಹಕ್ಕನ್ನೇ ಕಳೆದುಕೊಳ್ಳುತ್ತೇವೆ. ನಾಲ್ಕು ಲೀಟರು ನೀರಿಗೆ ಇನ್ನೂರು ಗ್ರಾಂ ಬೆಲ್ಲ, ಆರು ನಿಂಬೆಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು ಸಾಕು. ಆಗ ನೂರೈವತ್ತು ಮಿಲಿಲೀಟರಿನ ಒಂದು ಲೋಟಕ್ಕೆ ಬೀಳುವುದು ಏಳೂವರೆ ಗ್ರಾಂ ಬೆಲ್ಲ. ಅದೂ ಬೇಡವಾದರೆ ಮಜ್ಜಿಗೆಯಿದೆ.

ಇಷ್ಟು ಹೊತ್ತಿಗೆ ನಮ್ಮ ಸಂಘದ ಹಿರಿಯರು ಸಂತೋಷದಿಂದ ತಲೆದೂಗುತ್ತಿರಬಹುದು. ‘ನಮ್ಮ ಕಾಲದಲ್ಲಿ ಮಕ್ಕಳಿಗೆ ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ, ಹೋಳಿಗೆ, ಅಮ್ಮನ ಕೈರುಚಿ...’ ಎಂದು ಅವರು ಆರಂಭಿಸುವ ಮುನ್ನವೇ ಹೇಳಿಬಿಡುತ್ತೇನೆ: ನನ್ನ ಜಗಳ ಪಿಜ್ಜಾದವರೊಡನೆ ಎಷ್ಟಿದೆಯೋ ನಿಮ್ಮೊಡನೆಯೂ ಅಷ್ಟೇ ಇದೆ. ಆ ಕೈರುಚಿಯ ಹಿಂದೆ ಒಂದು ಕೈ ಇತ್ತು, ಆ ಕೈ ಬೆಳಗಿನ ನಾಲ್ಕು ಗಂಟೆಯಿಂದ ಹೊಗೆಯಲ್ಲಿ ಬೇಯುತ್ತಿತ್ತು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಿತ್ತು ಎಂಬುದನ್ನು ನಿಮ್ಮ ಹಂಬಲ ಮರೆಸುತ್ತದೆ. ಇಂದು ನಮ್ಮ ಹೊರನಾಡ ಮನೆಗಳ ಹೆಣ್ಣುಮಕ್ಕಳು ಬ್ಯಾಂಕಿನಿಂದ, ಶಾಲೆಯಿಂದ, ಆಸ್ಪತ್ರೆಯ ಪಾಳಿಯಿಂದ, ಮೆಟ್ರೋದಲ್ಲಿ ನಿಂತುಕೊಂಡು ಬಂದು ಮನೆ ಸೇರುತ್ತಾರೆ. ಅವರ ಮುಂದೆ ಹೋಳಿಗೆಯ ಆದರ್ಶವನ್ನು ಇಟ್ಟವರೇ ಅವರನ್ನು ಪೆಟ್ಟಿಗೆಯ ಊಟದತ್ತ ನೂಕಿದವರು. ಒಂದು ಕಡೆ ಮಾಡಲಾಗದ ಆದರ್ಶ, ಇನ್ನೊಂದು ಕಡೆ ದೂರವಾಣಿಯಲ್ಲಿ ಒತ್ತಿದರೆ ಬರುವ ಸರಕು. ದಣಿದವರು ಯಾವುದನ್ನು ಆರಿಸುತ್ತಾರೆ? ಹಳಹಳಿಕೆಯೂ ಮಾರುಕಟ್ಟೆಯೂ ಪರಸ್ಪರ ಶತ್ರುಗಳಲ್ಲ. ಒಂದು ಇನ್ನೊಂದರ ಏಜೆಂಟಾಗಿ ಕೆಲಸ ಮಾಡುತ್ತದೆ.

ಆದ್ದರಿಂದಲೇ ನಾನು ಸುಲಭವನ್ನು ಹೀಗಳೆಯುವುದಿಲ್ಲ. ಸುಲಭವಾಗಿರುವುದು ದುಡಿಯುವ ಮನೆಯ ಹಕ್ಕು. ನಮ್ಮ ನಾಡಿನ ಸಾಮಾನ್ಯ ಜನರ ತಿಂಡಿಗಳು ಹುಟ್ಟಿದ್ದೇ ಸುಲಭಕ್ಕಾಗಿ: ಹೊಲಕ್ಕೆ ಹೋಗುವವರ ಬುತ್ತಿ, ಜಾತ್ರೆಯ ಮಂಡಕ್ಕಿ, ಪ್ರಯಾಣದ ಅವಲಕ್ಕಿ. ಬೇಯಿಸುವ ಕಷ್ಟವನ್ನು ಭತ್ತ ಹುರಿಯುವವನು, ಕುಟ್ಟುವವನು ಮೊದಲೇ ಮುಗಿಸಿರುತ್ತಾನೆ. ಮನೆಗೆ ಬರುವ ಹೊತ್ತಿಗೆ ಅದು ಆಗಲೇ ಸಿದ್ಧ ಆಹಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಬಂದದ್ದಕ್ಕೆ ‘ಫಾಸ್ಟ್ ಫುಡ್’ ಎಂಬ ಹೆಸರಿಲ್ಲ, ಅಷ್ಟೆ. ಅದನ್ನು ಕಲಸಲು ಗಂಡಸರ ಕೈಗಳೂ ಒಗ್ಗುತ್ತವೆ. ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ ಅಂಗಡಿಗಳಲ್ಲಿ, ಮೈಸೂರಿನ ಚುರುಮುರಿ ಗಾಡಿಗಳಲ್ಲಿ ಕಲಸುವವರು ಹೆಚ್ಚಾಗಿ ಗಂಡಸರೇ ಅಲ್ಲವೆ? ಬೀದಿಯಲ್ಲಿ ಬರುವ ಕೈಚಳಕ ಮನೆಯ ಹೊಸ್ತಿಲು ದಾಟಿದ ಕೂಡಲೇ ಏಕೆ ಮಾಯವಾಗಬೇಕು?

‘ನಮ್ಮ ತಿಂಡಿ’ ಎಂಬ ಮಾತಿನಲ್ಲಿರುವ ‘ನಮ್ಮ’ ಯಾರು ಎಂಬುದನ್ನೂ ಕೇಳಬೇಕು. ಹೊರನಾಡ ಸಂಘಗಳ ಊಟದ ಪಂಕ್ತಿಯಲ್ಲಿ ಕರ್ನಾಟಕವೆಂದರೆ ಬಹುಕಾಲ ಬಿಸಿಬೇಳೆಭಾತು ಮತ್ತು ಮೈಸೂರು ಪಾಕು ಎಂದೇ ಅರ್ಥ. ಬೀದರಿನ ಮಗು, ಕೊಡಗಿನ ಮಗು, ಕರಾವಳಿಯ ಮೊಗವೀರರ ಮಗು, ದಲಿತರ ಮಗು, ಮುಸಲ್ಮಾನರ ಮಗು ಈ ‘ನಮ್ಮ’ದೊಳಗೆ ಎಲ್ಲಿ ಕೂರಬೇಕು? 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿತು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಮೊದಲಿನಿಂದಲೂ ಇತ್ತು, ಮುಂದೆ ಯೋಜನೆ ಬೇರೆ ಜಿಲ್ಲೆಗಳಿಗೂ ಹರಡಿದಾಗ ಚಿಕ್ಕಿಯೂ ಸೇರಿತು. ಯಾರ ಬಾಯಿಗೂ ಬಲವಂತವಾಗಿ ಏನನ್ನೂ ತುರುಕಿರಲಿಲ್ಲ. ಆದರೂ ಒಂದೇ ಸಾಲಿನಲ್ಲಿ ಒಂದು ಮಗು ಮೊಟ್ಟೆ, ಪಕ್ಕದ ಮಗು ಬಾಳೆಹಣ್ಣು ತಿನ್ನುವ ದೃಶ್ಯವನ್ನು ಕೆಲವರಿಗೆ ಸಹಿಸಲಾಗಲಿಲ್ಲ. ನಾನು ಸ್ವತಃ ಸಸ್ಯಾಹಾರಿ. ಆದರೂ ಹೇಳುತ್ತೇನೆ, ಮಕ್ಕಳ ಪಾರ್ಟಿಗೆ ಆ ಸಾಲಿಗಿಂತ ಒಳ್ಳೆಯ ಮಾದರಿ ಇಲ್ಲ. ಮೇಜಿನ ಮೇಲೆ ಮೊಟ್ಟೆಯ ತಟ್ಟೆಯೂ ಬಾಳೆಹಣ್ಣಿನ ತಟ್ಟೆಯೂ ಅಕ್ಕಪಕ್ಕದಲ್ಲಿರಲಿ, ಮಗು ತನಗೆ ಬೇಕಾದ್ದನ್ನು ಎತ್ತಿಕೊಳ್ಳಲಿ. ಪಕ್ಕದ ತಟ್ಟೆಯನ್ನು ನೋಡಿ ಮೂಗು ಮುರಿಯದಿರುವುದನ್ನು ಹುಟ್ಟುಹಬ್ಬದ ದಿನ ಕಲಿಯದ ಮಗು ಮುಂದೆ ಯಾವ ಸಂವಿಧಾನವನ್ನು ಓದಿ ಕಲಿತೀತು?

ಇನ್ನು ವರ್ಗದ ಮಾತು. ಕೇಂದ್ರ ಸರ್ಕಾರದ ವಸತಿಗೃಹಗಳಿಗೆ ಟೈಪ್ 1, ಟೈಪ್ 2 ಎಂದು ದರ್ಜೆಗಳಿರುವುದು ಓದುಗರಲ್ಲಿ ಅನೇಕರಿಗೆ ಗೊತ್ತು. ದೊಡ್ಡವರ ದರ್ಜೆ ಗೋಡೆಯ ಮೇಲೆ ಬರೆದಿರುತ್ತದೆ. ಮಕ್ಕಳು ಮಾತ್ರ ಒಂದೇ ಮೈದಾನದಲ್ಲಿ ಆಡುತ್ತಿದ್ದರು, ಆ ಮೈದಾನಕ್ಕೆ ಟೈಪ್ ಇರಲಿಲ್ಲ. ಈಗ ಹುಟ್ಟುಹಬ್ಬದ ತಟ್ಟೆ ಅಲ್ಲಿಗೂ ದರ್ಜೆಯನ್ನು ತಂದಿದೆ. ನಮ್ಮ ಕಚೇರಿಯ ಕನ್ನಡಿಗ ಗುಮಾಸ್ತರೊಬ್ಬರ ಮಗಳಿಗೆ ಪ್ರತಿಯೊಂದು ಆಮಂತ್ರಣದ ದಿನವೂ ‘ಜ್ವರ’ ಬರುತ್ತಿತ್ತು. ಕೊನೆಗೊಮ್ಮೆ ಅವರು ಹೇಳಿದರು: “ಹೋದ್ರ ನಾವೂ ಕರೀಬೇಕಲ್ರಿ ಸರ್. ಕರದು ಏನ್ ಕೊಡೋದ್ರಿ?” ಈ ಎರಡು ವಾಕ್ಯಗಳಲ್ಲಿರುವ ಅವಮಾನವನ್ನು ಯಾವ ಆರ್ಥಿಕ ಸಮೀಕ್ಷೆಯೂ ಅಳೆಯುವುದಿಲ್ಲ. ಚಿಕ್ಕಿ, ಮಂಡಕ್ಕಿ, ಪಾನಕಗಳಿಂದ ಮುಗಿಯುವ ಹುಟ್ಟುಹಬ್ಬವಾದರೆ ಆ ಮನುಷ್ಯ ಇಡೀ ಬೀದಿಯ ಮಕ್ಕಳನ್ನು ಕರೆಯಬಲ್ಲ. ನಾವು ಮೇಲಿನ ದರ್ಜೆಯವರು ತಟ್ಟೆಯ ಬೆಲೆಯನ್ನು ಏರಿಸಿ ಅವನ ಮನೆಯ ಬಾಗಿಲು ಮುಚ್ಚಿಸಿದ್ದೇವೆ. ಉಳ್ಳವರ ಮನೆಯ ಸರಳ ತಿಂಡಿ ಜಿಪುಣತನವಲ್ಲ, ಅದು ನೆರೆಹೊರೆಗೆ ಸಲ್ಲಿಸುವ ಮರ್ಯಾದೆ.

ಕೊನೆಯದಾಗಿ ಭಾಷೆ. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ರವಿವಾರದ ಕನ್ನಡ ತರಗತಿಯಲ್ಲಿ ಅ ಆ ಇ ಈ ಕಲಿಸುತ್ತೇವೆ, ರಾಜ್ಯೋತ್ಸವದಂದು ನಾಡಗೀತೆ ಹಾಡಿಸುತ್ತೇವೆ. ಅವರಿಗೆ ಕನ್ನಡದ ನಾಮಪದಗಳು ಬರುತ್ತವೆ, ಕ್ರಿಯಾಪದಗಳು ಬರುವುದಿಲ್ಲ. ಏಕೆಂದರೆ ಕ್ರಿಯಾಪದಗಳನ್ನು ಕಪ್ಪುಹಲಗೆಯಿಂದ ಕಲಿಯಲಾಗದು, ಕೈಯಿಂದ ಕಲಿಯಬೇಕು. ನೆನೆಸು, ಸೋಸು, ಸುಲಿ, ಬಿಡಿಸು, ತುರಿ, ಹೆಚ್ಚು, ಜಜ್ಜು, ಹಿಂಡು, ಕಲಸು, ಉದುರಿಸು, ಉಂಡೆ ಕಟ್ಟು, ಬಡಿಸು, ಹಂಚು: ಇಪ್ಪತ್ತು ಮಕ್ಕಳ ಮಂಡಕ್ಕಿ-ಕೋಸಂಬರಿಯಲ್ಲಿ ಇಷ್ಟು ಕನ್ನಡವಿದೆ. ರಟ್ಟಿನ ಪೆಟ್ಟಿಗೆಯಲ್ಲಿ ‘ತೆರೆ’ ಎಂಬ ಒಂದೇ ಕ್ರಿಯಾಪದವಿದೆ, ಅದನ್ನೂ ಮಗು ಇಂಗ್ಲಿಷಿನಲ್ಲಿ ಹೇಳುತ್ತದೆ. ಹೊರಗಿನ ಲೋಕವೆಲ್ಲ ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ನಡೆಯುವ ಊರಿನಲ್ಲಿ ನಮಗುಳಿದಿರುವ ಕೊನೆಯ ಕನ್ನಡ ಶಾಲೆ ಅಡುಗೆಮನೆ. ಅದನ್ನೂ ಮುಚ್ಚಿಬಿಟ್ಟು, ಭಾಷೆ ಉಳಿಯುತ್ತಿಲ್ಲ ಎಂದು ನಿರ್ಣಯ ಅಂಗೀಕರಿಸುವುದರಲ್ಲಿ ಅರ್ಥವಿಲ್ಲ.

‘ಬೇರೆ ಭಾಷೆಯ ಮಕ್ಕಳು ಬಂದಿರುತ್ತಾರೆ, ಅವರ ಮುಂದೆ ಇದನ್ನೆಲ್ಲ ಇಟ್ಟರೆ ನಗುತ್ತಾರೆ’ ಎಂಬ ಆಕ್ಷೇಪವಿದೆ. ಈ ಅಂಜಿಕೆಗೆ ಆಧಾರವಿಲ್ಲ. ನಮ್ಮ ಮಂಡಕ್ಕಿ ಪುಣೆಯಲ್ಲಿ ಕುರ್ಮುರೆ, ಚೆನ್ನೈಯಲ್ಲಿ ಪೊರಿ, ಹೈದರಾಬಾದಿನಲ್ಲಿ ಮರಮರಾಲು, ದೆಹಲಿಯಲ್ಲಿ ಮುರ್ಮುರಾ, ಬಂಗಾಳಿ ನೆರೆಯವರಿಗೆ ಮುಡಿ. ಮುಂಬಯಿಯ ಮಗು ಭೇಲ್ ಬೇಡವೆನ್ನುತ್ತದೆಯೇ? ಹಳೆಯ ಮೈಸೂರಿನ ಕಡೆ ಸಂಕ್ರಾಂತಿಯ ಹೊತ್ತಿಗೆ ಪುಟ್ಟ ಮಕ್ಕಳನ್ನು ಕೂರಿಸಿ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು ಎರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಅದನ್ನೇ ಬೋರನ್ಹಾಣ ಎನ್ನುತ್ತಾರೆ, ಅಲ್ಲಿ ಕುರ್ಮುರೆಯನ್ನೂ ಸುರಿಯುತ್ತಾರೆ. ನೆರೆದ ಮಕ್ಕಳೆಲ್ಲ ಮುಗಿಬಿದ್ದು ಆಯ್ದುಕೊಂಡು ತಿನ್ನುತ್ತಾರೆ. ಮಕ್ಕಳ ಪಾರ್ಟಿ ಎಂದರೆ ಅದಲ್ಲದೆ ಮತ್ತೇನು? ನೆರೆಯವರಿಂದ ನಮ್ಮನ್ನು ಬೇರೆ ಮಾಡುವ ತಿಂಡಿ ಇದಲ್ಲ, ಅವರೊಡನೆ ಕೂಡಿಸುವ ತಿಂಡಿ ಇದು.

ನಾನು ಕೇಕಿನ ಶತ್ರುವಲ್ಲ. ಮೇಣದಬತ್ತಿ ಆರಿಸುವ ಆಸೆ ಮಗುವಿಗಿದ್ದರೆ ಒಂದು ಚಿಕ್ಕ ಕೇಕು ಇರಲಿ. ಶುದ್ಧಿಯ ಪೊಲೀಸುಗಿರಿ ನಮಗೆ ಬೇಡ. ಆ ಪೊಲೀಸರು ಇಂದು ಕೇಕನ್ನು ಹಿಡಿದರೆ ನಾಳೆ ಮೊಟ್ಟೆಯನ್ನು ಹಿಡಿಯುತ್ತಾರೆ, ನಾಡಿದ್ದು ಮನುಷ್ಯರನ್ನು. ಆದರೆ ಕೇಕು ಅತಿಥಿಯಾಗಿ ಬರಲಿ, ಯಜಮಾನನಾಗಿ ಅಲ್ಲ.

ನಮ್ಮ ಸಂಘಗಳಿಗೆ ನನ್ನ ಬೇಡಿಕೆ ಮೂರು. ಮೊದಲನೆಯದು, ಮುಂದಿನ ಮಕ್ಕಳ ದಿನಾಚರಣೆಗೆ ಪೊಟ್ಟಣ ಹಂಚುವುದನ್ನು ನಿಲ್ಲಿಸಿ. ದೊಡ್ಡ ಬೋಗುಣಿಗಳನ್ನಿಟ್ಟು ಮಕ್ಕಳ ಕೈಯಿಂದಲೇ ಕಲಸಿಸಿ, ಅವರಿಂದಲೇ ಬಡಿಸಿ. ಎರಡನೆಯದು, ಆ ದಿನದ ಅಡುಗೆಯ ಹೊಣೆಯನ್ನು ಕಾರ್ಯಕಾರಿ ಸಮಿತಿಯ ಗಂಡಸರು ಹೊರಲಿ, ಭಾಷಣ ಮಾಡುವ ಹಿರಿಯರು ಈರುಳ್ಳಿ ಹೆಚ್ಚಲಿ. ಕಣ್ಣೀರು ಹಾಕಲು ಅವರಿಗೆ ಆಗ ಒಂದು ನಿಜವಾದ ಕಾರಣವೂ ಸಿಗುತ್ತದೆ. ಮೂರನೆಯದು, ಸಭಾಂಗಣದ ಕಾವಲುಗಾರನ ಮಕ್ಕಳೂ ಕಸ ಗುಡಿಸುವವರ ಮಕ್ಕಳೂ ಅದೇ ಸಾಲಿನಲ್ಲಿ ಕೂರಲಿ, ಸಾಲು ಮುಗಿದ ಮೇಲೆ ಅಲ್ಲ.

ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ, ಮಂತ್ರಿಗಳ ಉದ್ಘಾಟನೆ ಬೇಡ. ಮಂಡಕ್ಕಿಯ ಚೀಲ ಬೇಕು, ಕೆಲವು ಜೊತೆ ಕೈಗಳು ಬೇಕು. ಇಷ್ಟು ಸುಲಭವಾದದ್ದನ್ನೂ ನಾವು ಮಾಡದಿದ್ದರೆ, ಕಷ್ಟವಾದ ಕೆಲಸಗಳ ಬಗ್ಗೆ ನಾವು ಮಾಡುವ ಭಾಷಣಗಳನ್ನು ನಮ್ಮ ಮಕ್ಕಳು ಏಕೆ ನಂಬಬೇಕು?